ಬಲಗಡೆಯ ಹೂವು

ಅಣ್ಣಾ, ಆ ದಿನ ಬೀರದೇವರು ನಿನಗೆ ‘ಬೇಡ’ ಎನ್ನಲಿಲ್ಲ. ಹಾಗೆ ಅನ್ನುವಂತೆ ಮಾಡಿದವನು ನಾನು — ನಿನ್ನ ಒಡಹುಟ್ಟಿದ ತಮ್ಮ. ಇಷ್ಟು ವರ್ಷ ಈ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿದ್ದೇನೆ. ಈಗ ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ — ಎಲ್ಲಿಗೆ ಹೋದರೂ ಇದೇ.

ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮೂರು ಮುಳುಗಿ, ನೀನು ಬೀರದೇವರ ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದು ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿ ಕೂರಿಸಿ ಕೆಲವು ವರ್ಷಗಳಾಗಿದ್ದವು. ನಾನು ಮುಧೋಳದಲ್ಲಿ ನೌಕರಿಗಿದ್ದೆ. ಬೇಸಿಗೆ ರಜೆಗೆ ಎಲ್ಲರೂ ಸೇರಿ ಬೆಟ್ಟ, ಕೆರೆ ಎರಡೂ ಇರುವ ಕಡೆ ಹೋಗಿ ನಾಲ್ಕು ದಿನ ನಡೆದಾಡಿ ಬರೋಣ ಎಂದವನೂ ನಾನೇ. ಎರಡು ಜಾಗ ಹೇಳಿದೆ. ಒಂದು ಕೊಡೈಕೆನಾಲ್ — ಕೆರೆಯ ದಂಡೆಯವರೆಗೂ ಗಾಡಿ ಹೋಗುತ್ತದೆ. ಇನ್ನೊಂದು ಹಿಮಾಲಯದ ದೇವರಿಯಾ ತಾಲ್ — ಹಿಮದ ಬೆಟ್ಟಗಳ ಎದುರಿಗಿನ ಕೆರೆ, ಅಲ್ಲಿಗೆ ನಡೆದೇ ಏರಬೇಕು. ಎರಡನೆಯದನ್ನು ಬರೀ ಜಂಬಕ್ಕೆ ಹೇಳಿದ್ದೆ. ನೀನು ಅದನ್ನೇ ಹಿಡಿದುಬಿಟ್ಟೆ.

“ಹಿಮಾಲಯಕ್ಕ ಹೋಗೂಣಲೇ ತಮ್ಮಾ. ಮನಿ ಮುಳುಗಸಲಾರದ ನೀರು ಹೆಂಗಿರತೈತಿ, ಒಮ್ಮಿ ಕಣ್ಣಲೆ ನೋಡಬೇಕು. ನೀ ಅಂತೂ ಗುಡ್ಡಾ ಏರಿದಾಂವ, ನನಗೇನ ಅಂಜಿಕಿ?”

ಗುಡ್ಡ ಏರಿದವನು! ಧಾರವಾಡದಲ್ಲಿ ಓದುವಾಗ ಹಿಮಾಲಯ ಏರಿ ಬಂದೆ ಎಂದು ಮನೆಯಲ್ಲೆಲ್ಲ ಹೇಳಿಕೊಂಡಿದ್ದೆನಲ್ಲ — ಅದು ಸುಳ್ಳು. ಚಾರಣದ ಶಿಬಿರಕ್ಕೆ ಹೋದದ್ದು ನಿಜ. ಮೊದಲ ಏರಿನಲ್ಲೇ ಹೆದರಿ ಕೂತುಬಿಟ್ಟೆ. ಉಳಿದವರು ಮರಳುವವರೆಗೂ ಕೆಳಗಿನ ಡೇರೆಯಲ್ಲಿ ಅಡುಗೆಯವನ ಜೊತೆ ಬಟಾಟೆ ಸುಲಿಯುತ್ತಿದ್ದೆ. ಈಗ ಕುರಿಗಳ ಹಿಂದೆ ನಡೆದು ಬೆಳೆದ ನೀನು ಸರಸರನೆ ಏರುವುದು, ನಾನು ಹೆಂಡತಿ ಮಕ್ಕಳೆದುರು ಅಂಬೆಗಾಲಿಕ್ಕುವುದು... ಹೂಂ ಎಂದರೆ ಬಣ್ಣ ಬಯಲು, ಬೇಡ ಎಂದರೂ ಬಣ್ಣ ಬಯಲು — ಅತ್ತ ದರಿ, ಇತ್ತ ಪುಲಿ.

ದಾರಿ ತೋರಿಸಿದವನು ನೀನೇ. “ಹಿಮಾಲಯಕ್ಕ ಹೋಗೂದೋ ಬ್ಯಾಡೋ, ದೇವರಿಗೆ ಹೂವ ಹಚ್ಚಿ ಕೇಳೂಣು” ಎಂದೆ. ನಮ್ಮ ಮನೆಯ ಪದ್ಧತಿ — ಕಲ್ಲಿನ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ ಕೈಮುಗಿದು ಕೂರುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಆ ವರ್ಷ ಪೂಜೆಯ ಪಾಳಿ ನನ್ನದು. ನೀನು ಕಣ್ಣು ಮುಚ್ಚಿದ್ದೆ. ನಾನು ಬಲಗಡೆಯ ಹೂವಿಗೆ ನೀರಲ್ಲಿ ಕಲಸಿದ ಭಂಡಾರದ ಅರಿಸಿನ ಮೆತ್ತಿ ಒತ್ತಿದೆ. ಎಡಗಡೆಯದನ್ನು ಸುಮ್ಮನೆ ತಾಗಿಸಿದೆ. ಅದು ಬಿತ್ತು.

ಹೋಗಲಿ, ಕೊಡೈಕೆನಾಲ್‌ಗೇ ಹೋಗೋಣ ಅನ್ನುತ್ತೀಯೆಂದು ಕಾಯುತ್ತಿದ್ದೆ. ನೀನು ಬೆವೆತುಹೋಗಿದ್ದೆ.

“ಅವತ್ತ ಹೂವ ಹಚ್ಚಿ ಕೇಳದನ ದೇವರನ್ನ ಎತ್ತಿದ್ನಲ್ಲ — ನೀರು ಏರಾಕತ್ತಿತ್ತು, ಏನ ಮಾಡ್ಲಿ... ಅದರ ಸಿಟ್ಟು ಇದು ತಮ್ಮಾ. ನನಗ ಯಾ ಕೆರಿನೂ ತೋರಸಾಕ ಒಲ್ಲಂತೈತಿ ದೇವರು.”

ಆಗಲೇ ಹೇಳಬೇಕಿತ್ತು. ನಾವು ಕೊಡೈಕೆನಾಲ್‌ಗೆ ಹೋದೆವು, ದೋಣಿಯಲ್ಲಿ ಕೂತೆವು, ಫೋಟೊ ತೆಗೆಸಿಕೊಂಡೆವು. ನೀನು ಊರಲ್ಲೇ ಉಳಿದೆ.

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಹಿನ್ನೀರಿನ ದಂಡೆಗೆ ಬರಿಗಾಲಲ್ಲಿ ನಡೆದುಹೋಗಿ, ಕಾಯಿ ಒಡೆದು ತಪ್ಪಾಯಿತು ಎನ್ನುತ್ತಾ ಬಂದಿದ್ದೀಯ. ಈಗ ಮೊಣಕಾಲು ಮಡಚಲು ಬರುವುದಿಲ್ಲ. ಬೈಕಿನ ಮೇಲೆ ಕರೆದೊಯ್ಯುವವನು ನಾನೇ. ಹೋದ ಸಲ ನನ್ನ ಭುಜ ಹಿಡಿದು ಕೇಳಿದೆ: “ಇನ್ನೂ ಸಿಟ್ಟ ಇಳಿದಿಲ್ಲೇನಲೇ ದೇವರದು? ನೀ ಓದಿದಾಂವ, ಹೇಳ.” ನಾನು ಕೀಲಿ ಹುಡುಕುವವನಂತೆ ಜೇಬು ತಡಕಾಡಿದೆ. ಕೀಲಿ ಕೈಯಲ್ಲೇ ಇತ್ತು.

ಬೆಟ್ಟ ಏರುವ ಕಾಲು ಇನ್ನು ನಿನಗೆ ಬರುವುದಿಲ್ಲ. ಆ ವರ್ಷಗಳನ್ನು ತಿಂದವನು ನಾನು. ನನ್ನ ಹೆದರಿಕೆಯನ್ನು ನೆಪ ಮಾಡುವುದಿಲ್ಲ. ಬರುವ ಅಮಾವಾಸ್ಯೆಗೆ, ನೀನು ಕಾಯಿ ಒಡೆಯುವ ಮೊದಲೇ, ಅಲ್ಲೇ ನಿಂತು ಇದಿಷ್ಟನ್ನೂ ಹೇಳುತ್ತೇನೆ. ಬೈದರೆ ಬೈ, ಹೊಡೆದರೆ ಹೊಡೆ, ಇನ್ನು ಮುಖ ತೋರಿಸಬೇಡ ಎಂದರೂ ಆಯಿತು. ಆದರೆ ಆ ನೀರಿನ ಮುಂದೆ ಇನ್ನೊಮ್ಮೆ ತಪ್ಪಾಯಿತು ಎನ್ನಬೇಡ ಅಣ್ಣಾ — ನೀನು ಏನೂ ತಪ್ಪು ಮಾಡಿರಲಿಲ್ಲ.