ಒಲ್ಲೆ ಅಂದ ವರ್ಷದ ಪಂಚಮಿ

ನನ್ನನ್ನು ಯಾರಿಗೆ ಕೊಡಬೇಕು ಎಂಬುದು ನಾನು ಹುಟ್ಟುವ ಮೊದಲೇ ನಿಕ್ಕಿಯಾಗಿತ್ತು. ಅವ್ವನನ್ನು ಬಬಲೇಶ್ವರದಿಂದ ತಿಕೋಟಾಕ್ಕೆ ಕೊಟ್ಟಿದ್ದರು. ಅವಳಿಗೆ ಹೆಣ್ಣು ಹುಟ್ಟಿದರೆ ಅದು ಅವಳ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ. ತೊಟ್ಟಿಲಲ್ಲಿದ್ದಾಗಲೇ ಅವ್ವನ ತಾಯಿ, ನನ್ನ ಆಯಿ, ನನ್ನನ್ನು 'ನಮ್ಮ ಸೊಸಿ' ಎನ್ನುತ್ತಿದ್ದಳಂತೆ. ಸಣ್ಣವಳಿದ್ದಾಗ ನನಗೂ ಅದು ಖುಷಿಯೇ. ಮಾಮಾ ಬಂದರೆ ಕೈತುಂಬ ತಿನಿಸು ತರುತ್ತಿದ್ದ, ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸುತ್ತಿದ್ದ.

ಮುಂದೆ ವಿಜಯಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದೆ. ಬಿ.ಎ. ಕೊನೆಯ ವರ್ಷ ಸಮಾಜಶಾಸ್ತ್ರದ ಮೇಡಂ ಬೋರ್ಡಿನ ಮೇಲೆ ಬಂಧುತ್ವದ ನಕ್ಷೆ ಬರೆದರು. ತ್ರಿಕೋನ ಅಂದರೆ ಗಂಡು, ವೃತ್ತ ಅಂದರೆ ಹೆಣ್ಣು, ನಡುವೆ ಎರಡು ಗೆರೆ ಅಂದರೆ ಮದುವೆ. ಕೆಲವು ಸಮಾಜಗಳಲ್ಲಿ ಹೆಣ್ಣು ಕೊಟ್ಟ ಮನೆಗೆ ಮುಂದಿನ ಪೀಳಿಗೆಯಲ್ಲಿ ಹೆಣ್ಣು ಮರಳುತ್ತದೆ, ಇದಕ್ಕೆ ವಿನಿಮಯ ಎನ್ನುತ್ತೇವೆ ಎಂದು ಹೇಳಿ ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. 'ಕೆಲವು ಸಮಾಜಗಳು' ಅಂದರೆ ಏಳು ಸಮುದ್ರದ ಆಚೆಯವೇನೋ ಎಂಬಂತೆ ಎಲ್ಲರೂ ಬರೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆ ವೃತ್ತ ನಾನೇ. ಪರೀಕ್ಷೆ ಮುಗಿದ ಕೂಡಲೇ ನನ್ನ ಮದುವೆ ಅಂತ ಮನೆಯಲ್ಲಿ ಮಾತು ನಡೆದಿತ್ತು. ನನಗೆ ಎಂ.ಎ. ಓದಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಎತ್ತಿ ಆಡಿಸಿದವನ ಪಕ್ಕದಲ್ಲಿ ಹೆಂಡತಿಯಾಗಿ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ.

ಅವರವರ ಮನೆಯ ನಕ್ಷೆ ಬರೆದು ತನ್ನಿ ಎಂದಿದ್ದರು ಮೇಡಂ. ಹಾಳೆ ಹಿಡಿದು ಬಬಲೇಶ್ವರಕ್ಕೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತು ಸತ್ತವರು, ಇದ್ದವರು, ಕೊಟ್ಟವರು, ತಂದವರು ಎಲ್ಲರನ್ನೂ ಹೇಳಿದಳು. ಕೊನೆಗೆ ಮಾಮಾನ ತ್ರಿಕೋನ, ನನ್ನ ವೃತ್ತ ಉಳಿದವು.

"ಇಲ್ಲೆ ಎರಡ ಗೆರಿ ಹಾಕ ನನ್ನವ್ವಾ," ಎಂದು ಆಯಿ ನಡುವೆ ಬೆರಳಿಟ್ಟಳು.

"ಆಗಿದ್ದನ್ನಷ್ಟ ಬರೀಬೇಕು ಆಯಿ."

"ನಾಳೆ ಆಗೂದ ಐತಲ್ಲ."

"ಆಗೂದಿಲ್ಲ. ನಾ ಒಲ್ಲೆ."

ಆಯಿ ನಕ್ಕಳು. ಹುಡುಗಿ ಒಲ್ಲೆ ಅನ್ನುವುದು, ದೊಡ್ಡವರು ನಗುವುದು, ಇದೂ ನಮ್ಮಲ್ಲೊಂದು ಸಂಪ್ರದಾಯ.

ಊಹೆ ಬೇಡ, ಆ ವ್ಯಕ್ತಿಯನ್ನೇ ಕೇಳಿ ಎಂದು ಮೇಡಂ ಕಲಿಸಿದ್ದರು. ತೋಟಕ್ಕೆ ನಡೆದೆ. ಮಾಮಾ ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಒಣಗಲು ಹರವಿದ ದ್ರಾಕ್ಷಿಯಲ್ಲಿ ಕೈಯಾಡಿಸುತ್ತಿದ್ದ. ಅವನಿಗೂ ಮನಸ್ಸಿಲ್ಲ, ತಾಯಿಗೆ ಅಂಜಿ ಸುಮ್ಮನಿದ್ದಾನೆ ಅಂತ ನನ್ನ ಲೆಕ್ಕ.

"ಮಾಮಾ, ನನ್ನ ಲಗ್ನ ಆಗಾಕ ನಿನಗ ಖರೇನ ಮನಸ ಐತೇನು?"

"ಐತಿ," ಅಂದ. ಕೈ ನಿಲ್ಲಿಸಿದ. "ಬಂದ ಹೆಣ್ಣೆಲ್ಲಾ ಬಿಟ್ಟೇನಿ, ನಿನ್ನ ಸಲುವಾಗಿ."

ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನಿಸಿದವರನ್ನೆಲ್ಲ ಮದುವೆಯಾಗಲು ಬರುತ್ತದೆಯೇ?

"ನೀ ಕೆಟ್ಟಾಂವ ಅಂತಲ್ಲ ಮಾಮಾ. ನೀ ನನಗ ಮಾಮಾನ, ಗಂಡ ಅಲ್ಲ. ನಾ ಒಲ್ಲೆ."

ಅವನು ಮತ್ತೆ ದ್ರಾಕ್ಷಿಯಲ್ಲಿ ಕೈಯಾಡಿಸತೊಡಗಿದ. "ಬಿಸಲ ಏರಾಕತ್ತೈತಿ. ಬಸ್ ಹಿಡಿ," ಎಂದ.

ತಿಕೋಟಾದ ಮನೆಯಲ್ಲಿ ಅಪ್ಪ ಬೈದು ಬೈದು ದಣಿದ. ಅವ್ವ ಮಾತ್ರ ರೊಟ್ಟಿ ಬಡಿಯುತ್ತ, "ಹೇಳಿ ಬಂದೀದಿ. ಇನ್ನ ಹಿಂದ ಸರೀಬ್ಯಾಡ," ಎಂದಳು. ನಾನು ಸರಿಯಲಿಲ್ಲ. ಎಂ.ಎ.ಗೆ ಅರ್ಜಿ ಹಾಕಿದೆ.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿನವರು ಬಂದು ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಪ್ರತಿ ವರ್ಷ ಮಾಮಾ ಮೋಟಾರ್ ಸೈಕಲ್ ತರುತ್ತಿದ್ದ. ಆ ವರ್ಷ ಯಾರೂ ಬರಲಿಲ್ಲ, ಫೋನೂ ಇಲ್ಲ. ಬೀದಿಯಲ್ಲಿ ಗಾಡಿ ಸದ್ದಾದರೆ ಅವ್ವ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಒಂದು ಹೆಣ್ಣು ಬರದಿದ್ದರೆ ಈ ವಿನಿಮಯದಲ್ಲಿ ಏನಾಗುತ್ತದೆ ಎಂದು ಮೇಡಂ ಹೇಳಿರಲಿಲ್ಲ. ಒಲ್ಲೆ ಅಂದವಳು ನಾನು, ತವರು ಕಳೆದುಕೊಂಡವಳು ಅವ್ವ. ಅದನ್ನು ನೋಡಿ ಸಂಕಟವಾದರೂ ಹೇಳಿದ ಮಾತು ತಪ್ಪು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಹಬ್ಬದ ದಿನ ಮುಂಜಾನೆ ಅವ್ವ ಡಬ್ಬಿಗೆ ಉಂಡಿ ತುಂಬಿದಳು. "ನಡಿ," ಎಂದಳು.

"ಯಾರೂ ಕರದಿಲ್ಲಲ್ಲಬೇ."

"ಕರದರಷ್ಟ ತವರಮನಿ ಏನು?"

ವಿಜಯಪುರಕ್ಕೆ ಬಂದು ಬಸ್ಸು ಬದಲಿಸಿದೆವು. ಕಿಟಕಿಯ ಪಕ್ಕ ಕೂತ ಅವ್ವ ದಾರಿಯುದ್ದಕ್ಕೂ ಉಂಡಿಯ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದಿದ್ದಳು.

ಆಯಿ ನಮ್ಮನ್ನು ಅಂಗಳದಲ್ಲಿ ಕಂಡಳು. ಬಾ ಅನ್ನಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವ್ವನ ಮುಂದೆ ಇಟ್ಟಳು. ಬಂದ ಪ್ರತಿಯೊಬ್ಬರಿಗೂ ಕಾಲಿಗೆ ನೀರು ಕೊಟ್ಟ ಮೇಲೆಯೇ ಆ ಮನೆಯ ಒಳಗೆ ಕರೆಯುವುದು. ನನಗೆಂದು ತಂಬಿಗೆ ಬರಲಿಲ್ಲ. ಆಯಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಅವ್ವ ಅರ್ಧ ನೀರನ್ನು ತನ್ನ ಕಾಲಿಗೆ ಸುರಿದುಕೊಂಡಳು. ಉಳಿದ ಅರ್ಧವನ್ನು ನನ್ನ ಕೈಗೆ ಕೊಟ್ಟು, ಆಯಿಗೆ ಕೇಳಿಸುವಂತೆ ಹೇಳಿದಳು:

"ಕಾಲ ತೊಳ್ಕೊ. ಇಬ್ಬರೂ ಒಳಗ ಹೋಗೂಣು."