ಸಕೀನಾಳಿಗೆ ಹೇಳದೆ ಉಳಿಸಿಕೊಂಡ ಬಣ್ಣ

ಕಿರ್ರ್ — ಕಿರ್ರ್ — ಎಣ್ಣೆ ಕಾಣದ ರಾಟೆ. ಶಿರಸಿಯ ನಮ್ಮ ಮನೆಯ ಬಾವಿಯ ಆ ಸದ್ದು ನೆನಪಾದಾಗಲೆಲ್ಲ ನಾನು ಸಕೀನಾಳಿಗೆ ಹೇಳಿದ ಸುಳ್ಳೂ ನೆನಪಾಗುತ್ತದೆ. ಹೌದು, ಸುಳ್ಳು. ತಿಳಿದೂ ತಿಳಿದೂ ಹೇಳಿದ್ದು. ಅದರಿಂದ ಅವಳು ಬಣ್ಣ ಹಚ್ಚುವುದನ್ನೇ ಬಿಟ್ಟಳು. ನಾನು — ಇವತ್ತಿಗೂ ಬಿಟ್ಟಿಲ್ಲ.

ಧಾರವಾಡದ ಕಾನ್ವೆಂಟಿನಲ್ಲಿ ಓದು ಮುಗಿಸಿ ನಾನು ಊರಿಗೆ ಬಂದದ್ದು ಅರವತ್ತರ ಸುಮಾರಿಗೆ. ಟ್ರಂಕಿನಲ್ಲಿ ಒಂದು ವಾಟರ್‌ಕಲರ್ ಬಾಕ್ಸ್, ತಲೆಯಲ್ಲಿ ದೊಡ್ಡ ಆರ್ಟಿಸ್ಟ್ ಎಂಬ ಪಿತ್ತ. ಬರೆದದ್ದೆಲ್ಲ ಮನೆಯ ಸಾಮಾನೇ — ಹಿತ್ತಾಳೆ ತಂಬಿಗೆ, ಒಣಗಲು ಬಿಚ್ಚಿಟ್ಟ ಛತ್ರಿ, ಅಪ್ಪನ ಅಂಗಡಿಯ ತಕ್ಕಡಿ. ಗೆರೆ ಎಳೆದು ಒಳಗೆ ಬಣ್ಣ ತುಂಬುವುದು, ಸ್ಕೂಲಿನ ಮ್ಯಾಪಿನಂತೆ. ಅವ್ವ ಬಗ್ಗಿ ನೋಡಿ, “ಇದೇನವಾ, ತಂಬಿಗಿನೋ ಕುಂಬಳಕಾಯೋ?” ಅನ್ನುತ್ತಿದ್ದಳು.

ಎದುರುಮನೆಯ ಸಕೀನಾ ನನ್ನ ವಯಸ್ಸಿನವಳು. ಅವಳ ಅಬ್ಬಾನದು ಲಾರಿ ವ್ಯವಹಾರ. ಕಾನ್ವೆಂಟಿನ ಗೇಟೂ ಕಂಡವಳಲ್ಲ. ಆದರೆ ಲಾರಿಯ ಮೂತಿಯನ್ನು ನಾಲ್ಕು ಗೆರೆಯಲ್ಲಿ ಹಿಡಿದಳೆಂದರೆ ಹಾರ್ನ್ ಕೇಳಿಸಬೇಕು, ಹಾಗೆ! ನನ್ನ ಛತ್ರಿ ನೋಡಿ ಅವಳೇ ಹೇಳಿದ್ದು: “ಅಯ್ಯ ನೀಲಾ, ಕಾಗದಕ್ಕ ಸ್ವಲ್ಪ ಉಸಿರಾಡಾಕ ಬಿಡ. ಬೆಳಕು ಬಿದ್ದಲ್ಲಿ ಬಣ್ಣ ಯಾಕ ಹಚ್ತೀ? ಬಿಳೀದು ಬಿಳೀನ ಇರ್ಲಿ.”

ಯಾವ ಸಿಸ್ಟರೂ ಕಲಿಸದ ಪಾಠ. ಅವತ್ತಿನಿಂದ ನನ್ನ ತಂಬಿಗೆ ಹೊಳೆಯತೊಡಗಿತು. ಎಂಥ ಖುಷಿಯ ದಿನಗಳು! ಅವರವರ ಮನೆಯಲ್ಲಿ ಬಣ್ಣ ಹಾಕುವುದು, ಒಣಗಿದ ಕೂಡಲೇ ರಸ್ತೆ ದಾಟಿ ಓಡುವುದು, ಒಬ್ಬರದನ್ನೊಬ್ಬರು ಗೇಲಿ ಮಾಡುವುದು.

ಸಕೀನಾಳ ಮನೆಯದು ಕಲ್ಲು ಕಟ್ಟಿದ ಬಾವಿ, ಸದಾ ತಿಳಿನೀರು; ನಮ್ಮದು ಮಣ್ಣಿನ ಬಾವಿ. ಮಳೆ ಹಿಡಿಯಿತೆಂದರೆ ನೀರು ಕೆಂಪು. “ಧೋತರ ಎಲ್ಲಾ ಕಾವಿ ಆದುವು. ನಿಮ್ಮಪ್ಪ ಅಂಗಡ್ಯಾಗ ಸ್ವಾಮಿಗಳ ಹಂಗ ಕುಂತಾರ ನೋಡ,” ಎಂದು ಅವ್ವ ನಗುತ್ತಿದ್ದಳು. ಒಂದು ದಿನ ಬಾವಿಯ ಹಗ್ಗ ಹರಿದು, ಸೂರಿನಿಂದ ಇಳಿದ ಮಳೆನೀರಿನಲ್ಲೇ ಬಣ್ಣ ಕಲಸಿದೆ. ಅದೇ ತಂಬಿಗೆ, ಅದೇ ಬ್ರಶ್ಶು — ಚಿತ್ರ ಮಾತ್ರ ಸಪ್ಪೆ. ಮರುದಿನ ಬಾವಿನೀರನ್ನು ಗಾಜಿನ ಲೋಟದಲ್ಲಿ ಇಟ್ಟು ನೋಡಿದೆ. ತಳದಲ್ಲಿ ನುಣ್ಣನೆಯ ಕೆಮ್ಮಣ್ಣು. ನನ್ನ ಚಿತ್ರಗಳ ಬೆಚ್ಚನೆಯ ಛಾಯೆ ನನ್ನದಲ್ಲ, ಬಾವಿಯದು! ಒಬ್ಬಳೇ ಕೂತು ನಕ್ಕೆ. ಸಕೀನಾಳಿಗೆ ಹೇಳಬೇಕು ಅಂದುಕೊಂಡೆ — ನಿಜವಾಗಿಯೂ ಅಂದುಕೊಂಡಿದ್ದೆ.

ಆ ವಾರವೇ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಅಂಗಡಿಗೆ ಬಂದರು. ಅಪ್ಪ ಹೆಮ್ಮೆಯಿಂದ ನಮ್ಮಿಬ್ಬರನ್ನೂ ಚಿತ್ರಗಳ ಸಮೇತ ಕರೆಸಿದರು. ಮಾಸ್ತರರು ಅವಳದನ್ನು ನೋಡಿ, “ಗೆರೆ ಜೋರಿದೆ, ಬಣ್ಣ ತಣ್ಣಗಿದೆ,” ಎಂದರು. ನನ್ನದನ್ನು ಎತ್ತಿ ಹಿಡಿದು, “ಇದರಲ್ಲಿ ಬಿಸಿಲಿದೆ!” ಎಂದರು.

ಹೊರಗೆ ಬಂದ ಮೇಲೆ ಸಕೀನಾ ನನ್ನ ಕೈ ಹಿಡಿದಳು. ಅಸೂಯೆಯ ಸುಳಿವಿಲ್ಲ. “ಹೇಳs ನೀಲಾ, ಆ ಬಿಸಿಲು ಎಲ್ಲಿಂದ ತರ್ತೀ?”

“ಅದು ಕೈಗುಣ ಬಿಡ,” ಅಂದೆ. “ಹೇಳಿಕೊಡಾಕ ಬರೂದಿಲ್ಲ.”

ಇಷ್ಟೇ. ಇಷ್ಟೇ ಮಾತು.

ಅವಳು ನಂಬಿದಳು. ಆದರೂ ಬಿಡಲಿಲ್ಲ — ಅರಿಶಿನ ಬೆರೆಸಿದಳು, ಕಾಚು ಬೆರೆಸಿದಳು, ಕೊನೆಗೆ ಚಹಾ. ಸಕ್ಕರೆ ಹಾಕಿದ ಚಹಾ! ಚಿತ್ರದ ತುಂಬ ಇರುವೆ ಮುತ್ತಿದವು. “ಮಾಸ್ತರರಿಗೆ ಸೇರ್ಲಿಲ್ಲ, ಇರುವಿಗೆ ಸೇರ್ತು ನೋಡ,” ಎಂದು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಎಲ್ಲ ಗೊತ್ತಿದ್ದ ನಾನು — ಅವಳಿಗಿಂತ ಜೋರಾಗಿ.

ಮುಂದಿನ ಮಳೆಗಾಲಕ್ಕೆ ತನ್ನ ಬ್ರಶ್ಶುಗಳನ್ನು ತಂದು ನನ್ನ ಮಡಿಲಿಗೆ ಹಾಕಿದಳು. “ನಿನ್ನ ಕೈಯಾಗ ಇರ್ಲಿ. ಅವಕ್ಕೂ ಪುಣ್ಯ ಬರ್ಲಿ.” ತೆಗೆದುಕೊಂಡೆ. ಥ್ಯಾಂಕ್ ಯೂ ಅಂತಲೂ ಅಂದೆ. ಕಾನ್ವೆಂಟಿನ ಮ್ಯಾನರ್ಸ್! ಆಮೇಲೆ ನಾನು ಬರೆದ ಒಳ್ಳೆಯ ಚಿತ್ರಗಳೆಲ್ಲ ಆ ಬ್ರಶ್ಶುಗಳವೇ. ನನ್ನ ಕೈ ಪಳಗಿತು, ನಿಜ. ಪಳಗಿದ್ದು ಯಾರಿಂದ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಿದ್ದೇನೆ. ವಯಸ್ಸು ಚಿಕ್ಕದಿತ್ತು ಎಂದು ಸಬೂಬು ಕೊಡಲಾರೆ. ಅವಳದೂ ಅದೇ ವಯಸ್ಸು.

ಅವಳನ್ನು ಯಲ್ಲಾಪುರಕ್ಕೆ ಕೊಟ್ಟರು, ನನ್ನನ್ನು ಬೆಳಗಾವಿಗೆ. ಒಮ್ಮೆ ತವರಿನಿಂದ ಹಿಂತಿರುಗುವಾಗ ಬಸ್ಸು ಯಲ್ಲಾಪುರದಲ್ಲಿ ನಿಂತಿತು. ಕಿಟಕಿಯ ಕೆಳಗೆ — ಸಕೀನಾ! ಕಂಕುಳಲ್ಲಿ ಮಗಳು, ಕೈಯಲ್ಲಿ ಚೀಲ.

“ಬಣ್ಣ ಹಚ್ತೀಯೇನ ಈಗ?” ಕೇಳಿದೆ.

“ಇಲ್ಲಬಿಡ. ಅದು ನಿನ್ನ ಕೆಲಸ. ನಾ ಇವಳ ಪಾಟಿ ಮ್ಯಾಲ ಬೆಕ್ಕು, ಇಲಿ ಬರೀತೀನಿ. ಒಂದ್ ನಿಮಿಷ ಅಲ್ಲಾಡಬ್ಯಾಡ — ಎಷ್ಟು ದಪ್ಪ ಆಗೀಯಲ್ಲs!”

ಮಗುವನ್ನು ಕೆಳಗಿಳಿಸಿ, ಚೀಲದಿಂದ ಪೆನ್ಸಿಲ್ಲು, ಬಿಸ್ಕತ್ ಪೊಟ್ಟಣದ ಕಾಗದ ತೆಗೆದು ನನ್ನ ಮುಖ ಬರೆಯತೊಡಗಿದಳು. ಈಗಲಾದರೂ ಹೇಳಿಬಿಡೋಣ — “ಸಕೀನಾ, ಅವತ್ತು ನಾನು...” ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ಕಾಗದವನ್ನು ಕಿಟಕಿಯೊಳಗೆ ತುರುಕಿ, ನಗುತ್ತ ನಿಂತುಬಿಟ್ಟಳು. ಅದೇ ಕೊನೆ. ಮತ್ತೆ ಅವಳನ್ನು ನೋಡಲಿಲ್ಲ.

ತಿರುವು ದಾಟಿದ ಮೇಲೆ ಕಾಗದ ಬಿಡಿಸಿದೆ. ಐದಾರೇ ಗೆರೆ, ಥೇಟು ನಾನೇ. ಬಾಯಿ ಮಾತ್ರ ಅರ್ಧ ತೆರೆದಿತ್ತು.