ಭಾಗಿಸುವ ಮೊದಲು

ಬಾರಿನ ಬಾಗಿಲು ಕಾಯುವ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಸುತ್ತಿಗೆ. ಹೆಸರು ಪುಕ್ಕಟೆ ಬಂದದ್ದಲ್ಲ. ಕುಡಿದು ಮೈಮೇಲೆ ಬಿದ್ದವರ ಹಲ್ಲು ಉದುರಿಸಿ, ಕತ್ತಿನಪಟ್ಟಿ ಹಿಡಿದು ಹೊರಗೆಸೆದು, ಏನೂ ಆಗದವಳಂತೆ ಮತ್ತೆ ಸ್ಟೂಲಿನ ಮೇಲೆ ಕೂತು ಗಣಿತದ ಪುಸ್ತಕ ತೆರೆಯುತ್ತಿದ್ದಳು. ಮನೆಯಲ್ಲಿ ಅವಳು, ಲಾರಿ ಓಡಿಸುವ ಅಣ್ಣ, ಅಣ್ಣನ ಹೆಂಡತಿ. ಅತ್ತಿಗೆ ಸುತ್ತಿಗೆ ಒಟ್ಟಿಗೆ ಬೀದಿಗಿಳಿದರೆ ಎದುರುಮನೆಯವರು ಮುಸಿಮುಸಿ ನಗುತ್ತಿದ್ದರು, ಸುತ್ತಿಗೆ ತಿರುಗಿ ನೋಡುವವರೆಗೆ.

ಅಪ್ಪ ವೆಲ್ಡರ್ ಆಗಿದ್ದ. ಬೆಲ್ಟಿನಲ್ಲಿ ಬಾರಿಸಿಯೇ ಮಕ್ಕಳನ್ನು ಬೆಳೆಸಿದ. "ಹೊಡೆಸ್ಕೊಂಡು ಬಂದ್ರೆ ಮನೆಯೊಳಗೆ ಕಾಲಿಡ್ಬೇಡಿ" ಎನ್ನುವುದೊಂದೇ ಅವನ ಉಪದೇಶ. ಪುಣ್ಯಾತ್ಮನ ಪಾಠ ಇಬ್ಬರಿಗೂ ಚೆನ್ನಾಗಿ ಹತ್ತಿತು. ಅಣ್ಣ ಹೆಂಡತಿಗೆ ಹೊಡೆಯುತ್ತಿದ್ದ, ತಂಗಿ ಅಣ್ಣನಿಗೆ ಹೊಡೆಯುತ್ತಿದ್ದಳು. ಒಮ್ಮೆ ಅವನ ಪಕ್ಕೆಲುಬು ಮುರಿದದ್ದೂ ಉಂಟು. ಅತ್ತಿಗೆಯನ್ನು ಕಾಪಾಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು.

ಡಿಗ್ರಿಗೆ ಒಂದೇ ವಿಷಯ ಬಾಕಿ ಇತ್ತು: ಸಂಜೆ ಕಾಲೇಜಿನ ಅವಕಲ ಸಮೀಕರಣ, ಎಲ್ಲರ ಬಾಯಲ್ಲಿ ಡಿಫರೆನ್ಷಿಯಲ್ ಈಕ್ವೇಷನ್. ಅದೊಂದು ಪಾಸಾದರೆ ಬಾರಿಗೆ ದೊಡ್ಡ ನಮಸ್ಕಾರ ಹಾಕಿ ಶಾಲೆಯಲ್ಲಿ ಪಾಠ ಹೇಳಬಹುದು. ಆದರೆ ಕಾಲೇಜಿನಲ್ಲೂ ಅವಳ ಕೈ ಸುಮ್ಮನಿರಲಿಲ್ಲ. ಬಾರಿನವಳು ಎಂದು ಕೆಣಕಿದ ಸಹಪಾಠಿಯ ಮೂಗು ಮುರಿದಾಗ ರಕ್ತ ಮುಂದಿನ ಬೆಂಚಿನವರೆಗೆ ಚಿಮ್ಮಿತ್ತು. ಗೇಟಿನ ಒಳಗಾಗಲಿ, ಮುಂದಾಗಲಿ, ಅವಳ ಕೈ ಇನ್ನೊಮ್ಮೆ ಎದ್ದರೆ ಹೆಸರು ತೆಗೆಯುತ್ತೇವೆ ಎಂದು ಪ್ರಾಂಶುಪಾಲರು ಖಡಾಖಂಡಿತವಾಗಿ ಹೇಳಿದ್ದರು.

ಪಾಠ ಮಾಡುವ ಮೇಡಂ ಸಣಕಲು ಹೆಂಗಸು, ನಾಲಿಗೆ ಮಾತ್ರ ಹರಿತ. ಮೊದಲ ವಾರವೇ ಒಂದು ಲೆಕ್ಕ ಕೊಟ್ಟರು. ವೈ ಎಂಬುದು ಬೆಳೆಯುತ್ತಿದೆ. ಅದು ಬೆಳೆಯುವ ವೇಗ, ಅದು ಈಗ ಎಷ್ಟಿದೆಯೋ ಅದರ ಮೂರರಷ್ಟು. ಸುತ್ತಿಗೆ ಹಿಂದುಮುಂದು ನೋಡದೆ ಎರಡೂ ಕಡೆ ವೈಯಿಂದ ಭಾಗಿಸಿ ಉತ್ತರ ತೆಗೆದಳು. ಮೇಡಂ ಅಂಕ ಕಿತ್ತುಕೊಂಡರು.

"ಭಾಗಿಸೋ ಮೊದಲು ಕೇಳ್ಕೋಬೇಕು. ವೈ ಸೊನ್ನೆ ಆಗಿದ್ರೆ?"

"ಸೊನ್ನೆ ಆಗಿದ್ರೆ ಏನೂ ಆಗಲ್ಲ ಮೇಡಂ. ಸೊನ್ನೆಯಾಗೇ ಇರತ್ತೆ."

"ಅದೂ ಒಂದು ಉತ್ತರಾನೇ. ಭಾಗಿಸೋ ಅವಸರದಲ್ಲಿ ಅದನ್ನ ನೀನೇ ಕಳ್ಕೊಂಡೆ."

ಆಮೇಲೂ ಪ್ರತಿ ಪರೀಕ್ಷೆಯಲ್ಲಿ ಅದೇ ತಪ್ಪು. ಏನೂ ಆಗದಿರುವುದೂ ಒಂದು ಉತ್ತರ ಎಂಬುದು ಅವಳ ತಲೆಗೆ ಇಳಿಯಲೇ ಇಲ್ಲ. ಆ ಮನೆಯಲ್ಲಿ ಅಂಥದ್ದನ್ನು ಅವಳು ಕಂಡಿದ್ದರೆ ತಾನೇ. ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು, ತರಕಾರಿ ಹೆಚ್ಚುತ್ತ ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಚಹಾ ತಣ್ಣಗಾಗಿತ್ತು. ಪಠ್ಯಪುಸ್ತಕದಲ್ಲೂ ಚಹಾ ತಣ್ಣಗಾಗುವ ಲೆಕ್ಕಗಳಿವೆ, ಅಲ್ಲಿ ಯಾರ ತುಟಿಯೂ ಸೀಳುವುದಿಲ್ಲ. ಇಲ್ಲಿ ಅಣ್ಣ ಗಾಜಿನ ಲೋಟವನ್ನು ಹೆಂಡತಿಯ ಬಾಯಿಗೇ ಗುರಿಯಿಟ್ಟು ಎಸೆದ. ಬಾಯಿ ಮುಚ್ಚಿಕೊಂಡು ಬಗ್ಗಿದವಳ ಬೆನ್ನಿಗೆ ಒದ್ದ. ಬೆರಳ ಸಂದಿನಿಂದ ರಕ್ತ ಇಳಿಯಿತು. ಸುತ್ತಿಗೆ ನುಗ್ಗಿಬಂದು ಅವನ ಕಿವಿಯ ಮೇಲೆ ಗುದ್ದಿದಳು. ತಲೆ ಗೋಡೆಗೆ ಬಡಿದು ಅವನು ಬಾಗಿಲ ಪಕ್ಕ ಕುಸಿದು ಕೂತ.

ಎಂದಿನಂತೆ ಮುಗಿಯಿತು ಎಂದುಕೊಂಡು, ನೆಲಕ್ಕೆ ಬಿದ್ದ ಹಾಲ್‌ಟಿಕೆಟ್ ಎತ್ತಿಕೊಳ್ಳಲು ಅವಳು ಬಾಗಿಲ ಚೌಕಟ್ಟಿಗೆ ಬಲಗೈ ಊರಿ ಬಗ್ಗಿದಳು. ಅಣ್ಣ ಕೂತಲ್ಲಿಂದಲೇ ಬಾಗಿಲನ್ನು ಕಾಲಿನಿಂದ ಒದ್ದ. ಜೀವಮಾನವೆಲ್ಲ ಬಾಗಿಲು ಕಾದವಳ ಬೆರಳುಗಳು ಬಾಗಿಲ ಸಂದಿಯಲ್ಲಿ ಲಟಲಟನೆ ಮುರಿದವು.

ಅವಳು ಕೈ ಬಿಡಿಸಿಕೊಂಡು, ಎಡಗೈಯಲ್ಲಿ ಅವನ ಗಂಟಲು ಹಿಡಿದು ಗೋಡೆಗೆ ಒತ್ತಿದಳು. ಅವನ ಮುಖ ಕಪ್ಪಿಟ್ಟಿತು, ಕಾಲು ನೆಲಕ್ಕೆ ಬಡಿಯತೊಡಗಿತು. ಕೊಂದೇಬಿಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಅತ್ತಿಗೆ ಬಂದು ಅವಳ ಮಣಿಕಟ್ಟಿಗೆ ಜೋತುಬಿದ್ದಳು.

"ಬಿಡು ಅವ್ರನ್ನ. ನೀನು ಒಂದೇಟು ಹಾಕಿ ಡ್ಯೂಟಿಗೆ ಹೋಗ್ತೀಯ. ನೀನು ಹೋದ್ಮೇಲೆ ಅದು ನಂಗೆ ಮೂರಾಗಿ ಬೀಳತ್ತೆ. ಒಂದಿನಾನಾದ್ರೂ ಕೇಳಿದೀಯಾ?"

ಕೇಳಿರಲಿಲ್ಲ. ಮೊದಲ ಏಟು ಆ ನೀಚನದೇ, ಆದರೆ ಅದನ್ನು ಬೆಳೆಸಿದವರಲ್ಲಿ ತಾನೂ ಒಬ್ಬಳು ಎಂದು ತಿಳಿದಾಗ ಸುತ್ತಿಗೆಗೆ ನಾಚಿಕೆಯಾಯಿತು. ಗಂಟಲು ಬಿಟ್ಟಳು. ಅಣ್ಣ ಕೆಮ್ಮುತ್ತ ಮಗ್ಗುಲಿಗೆ ಹೊರಳಿದ.

"ಚಪ್ಪಲಿ ಹಾಕ್ಕೊಳ್ಳಿ ಅತ್ತಿಗೆ. ಪರೀಕ್ಷೆಗೆ ಹೋಗೋಣ."

ಕಾಲೇಜು ಮುಟ್ಟುವಷ್ಟರಲ್ಲಿ ಕೈ ಬದನೆಕಾಯಿಯಂತೆ ಊದಿ ಬಣ್ಣ ತಿರುಗಿತ್ತು. ಮೇಡಂ ಕೈ ನೋಡಿದರು, ಅತ್ತಿಗೆಯ ತುಟಿ ನೋಡಿದರು. ಹೇಳಿದ್ದನ್ನು ಬರೆದುಕೊಡಲು ಒಬ್ಬರು ಕೂರಬಹುದು, ಆದರೆ ಅವರಿಗೆ ಗಣಿತ ಗೊತ್ತಿರಬಾರದು, ಅದು ನಿಯಮ ಎಂದರು.

"ನಂಗೇನೂ ಗೊತ್ತಿಲ್ಲ" ಎಂದಳು ಅತ್ತಿಗೆ, ಬಟ್ಟೆಯನ್ನು ತುಟಿಗೆ ಒತ್ತಿಕೊಂಡು.

ಮೊದಲ ಪ್ರಶ್ನೆ ಅದೇ ಹಳೆಯ ವೈ. ನೋವಿಗೆ ಕಣ್ಣು ಕತ್ತಲಿಡುತ್ತಿದ್ದರೂ ಸುತ್ತಿಗೆ ಅಭ್ಯಾಸಬಲದಿಂದ ಶುರುಮಾಡಿದಳು.

"ಎರಡೂ ಕಡೆ ವೈಯಿಂದ ಭಾಗಿಸಿ."

ಅತ್ತಿಗೆಯ ಪೆನ್ನು ನಿಂತಿತು. ತುಟಿಯಿಂದ ಒಂದು ಹನಿ ಹಾಳೆಗೆ ಬಿದ್ದಿತ್ತು, ಅವಳು ಸೆರಗಿನಿಂದ ಒತ್ತುತ್ತಿದ್ದಳು. ಸುತ್ತಿಗೆ ಆ ಕಲೆಯನ್ನೇ ನೋಡಿದಳು.

"ಭಾಗಿಸೋ ಸಾಲಿಗೂ ಮೇಲೆ ಜಾಗ ಇದೆಯಾ ಅತ್ತಿಗೆ?"

"ಇದೆ."

"ಅಲ್ಲಿ ಬರೀರಿ. ವೈ ಸೊನ್ನೆಯಾಗಿರೋದೂ ಒಂದು ಉತ್ತರ."

ಅತ್ತಿಗೆ ಒತ್ತಿ ಒತ್ತಿ ಬರೆದಳು.

ಹೊರಗೆ ಗೇಟಿನ ಮುಂದೆ ಅಣ್ಣ ನಿಂತಿದ್ದ, ಕುತ್ತಿಗೆಯ ಮೇಲೆ ಬೆರಳಿನ ಗುರುತು ಹೊತ್ತುಕೊಂಡು. ಸುತ್ತಿಗೆಯ ಮುಖಕ್ಕೆ ಗುದ್ದಿದ. ದವಡೆಯಲ್ಲಿ ಹಲ್ಲೊಂದು ಸಡಿಲಾಯಿತು. ಹುಡುಗರು ಸುತ್ತುವರಿದರು, ಪ್ರಾಂಶುಪಾಲರು ಮೆಟ್ಟಿಲ ಮೇಲೆ ಬಂದು ನಿಂತರು. ಅವಳ ಎಡಗೈ ತಾನಾಗಿ ಮುಷ್ಟಿ ಕಟ್ಟಿ ಮೇಲೆದ್ದಿತು.

"ಹೊಡಿಯೇ ನೋಡೋಣ" ಎಂದ ಅಣ್ಣ. ಅವನಿಗೂ ಬೇಕಾದದ್ದು ಅದೇ.

ಅಷ್ಟರಲ್ಲಿ ಅತ್ತಿಗೆ ಅವನ ಪಕ್ಕದಿಂದಲೇ ಹಾದು ಬಸ್ ನಿಲ್ದಾಣದ ಕಡೆ ನಡೆದಿದ್ದಳು. "ಮನೆಗೆ ಬಾರೇ" ಎಂದು ಅವನು ಅರಚಿದ. ಅವಳು ತಿರುಗಲಿಲ್ಲ. ಸುತ್ತಿಗೆ ಬಾಯಿ ತುಂಬಿದ ರಕ್ತವನ್ನು ಅವನ ಕಾಲ ಬಳಿ ಉಗುಳಿ, ಎತ್ತಿದ ಕೈಯನ್ನು ಕೆಳಗಿಳಿಸಿ, ಅತ್ತಿಗೆಯ ಹಿಂದೆ ಹೋದಳು. ಬೆನ್ನಿಗೆ ಇನ್ನೊಂದು ಗುದ್ದು ಬಿತ್ತು. ಆಮೇಲೆ ಕಾವಲುಗಾರ ಅವನನ್ನು ಹಿಡಿದುಕೊಂಡ.

"ಎಲ್ಲಿಗೆ ಅತ್ತಿಗೆ?" ಎಂದಳು, ಬಸ್ಸಿನಲ್ಲಿ ಕೂತ ಮೇಲೆ.

"ಮೊದಲು ಆಸ್ಪತ್ರೆಗೆ. ಆಮೇಲೆ ಎಲ್ಲಾದ್ರೂ ಸರಿ, ಆ ಮನೆ ಒಂದು ಬಿಟ್ಟು."

ಸುತ್ತಿಗೆಯ ಎಡಗೈ ಇನ್ನೂ ಮುಷ್ಟಿ ಕಟ್ಟಿಯೇ ಇತ್ತು. ಅತ್ತಿಗೆ ಅದನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳು ಬಿಡಿಸಿದಳು. ಬಿಡಿಸಿದ್ದು ಮತ್ತೆ ಮಡಚಿಕೊಳ್ಳುತ್ತಿತ್ತು. ಅವಳು ಮತ್ತೆ ಬಿಡಿಸುತ್ತಿದ್ದಳು.